ಜೂಜಿನ ಮನೆ ಎಲ್ಲಿದೆ? ಕ್ರಿಕೆಟ್ ಬೆಟ್ಟಿಂಗ್ ಮತ್ತು ಭಾರತದ ಕಾನೂನು

ಕ್ರಿಕೆಟ್ ಪಂದ್ಯದ ಮೇಲೆ ಹಣ ಕಟ್ಟುವುದು ಭಾರತದಲ್ಲಿ ಅಪರಾಧವೇ ಎಂದು ಕೇಳಿದರೆ 2025ರ ಆಗಸ್ಟ್‌ವರೆಗೆ ವಕೀಲರು ಕೂಡ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿರಲಿಲ್ಲ. ಕ್ರಿಕೆಟ್ ಬೆಟ್ಟಿಂಗನ್ನು ಹೆಸರಿಟ್ಟು ನಿಷೇಧಿಸಿದ ಕೇಂದ್ರ ಕಾಯ್ದೆ ಇರಲಿಲ್ಲ. ಇದ್ದವೆಲ್ಲ ಇಸ್ಪೀಟು, ದಾಳ, ಕುದುರೆಗಳ ಕಾಲದ ಕಾನೂನುಗಳು. ಅವೂ ರಾಜ್ಯಕ್ಕೊಂದು ಬಗೆ. ಆ ಕಾನೂನುಗಳು ಕೇಳಿಕೊಂಡು ಬಂದ ಪ್ರಶ್ನೆಗಳು ಎರಡು. ಜೂಜು ನಡೆದದ್ದು ಎಲ್ಲಿ? ಆಟದಲ್ಲಿ ಮೇಲುಗೈ ಕೌಶಲದ್ದೋ ಅದೃಷ್ಟದ್ದೋ? ಮೊಬೈಲ್ ಬಂದ ಮೇಲೆ ಮೊದಲ ಪ್ರಶ್ನೆಗೆ ಅರ್ಥವೇ ಉಳಿಯಲಿಲ್ಲ. ಎರಡನೆಯದು ಕಂಪನಿಗಳ ಕೈಯಲ್ಲಿ ಗುರಾಣಿಯಾಯಿತು. ಈ ಪ್ರಶ್ನೆಗಳು ಹುಟ್ಟಿದ ಮತ್ತು ಸವೆದ ಬಗೆಯೇ ಕ್ರಿಕೆಟ್ ಬೆಟ್ಟಿಂಗಿನ ಕಾನೂನು ಚರಿತ್ರೆ.

ಜೂಜಿನ ಬಗ್ಗೆ ಈ ನೆಲ ಎಂದೂ ಒಂದೇ ಮಾತು ಆಡಿದ್ದಿಲ್ಲ. ಋಗ್ವೇದದ 10ನೇ ಮಂಡಲದ 34ನೇ ಸೂಕ್ತ ಜೂಜುಕೋರನೊಬ್ಬನ ಗೋಳು. ಹೆಂಡತಿ ದೂರವಾಗಿದ್ದಾಳೆ, ಅತ್ತೆಗೆ ಅವನನ್ನು ಕಂಡರಾಗದು, ಸಾಲ ಏರಿದೆ. ಆದರೂ ದಾಳ ಉರುಳುವ ಸದ್ದು ಕಿವಿಗೆ ಬಿದ್ದರೆ ಕಾಲು ಅತ್ತಲೇ ಎಳೆಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ಬೊಕ್ಕಸದ ಕಣ್ಣಿನಿಂದ ನೋಡಿತು: ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇರಬೇಕು, ಜೂಜು ಒಂದೇ ಕಡೆ ನಡೆಯಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನ ಮೂಲಕ ರಾಜ್ಯಕ್ಕೆ ಸಲ್ಲಬೇಕು. ಮನುಸ್ಮೃತಿಯ ಪ್ರಕಾರ ರಾಜನು ಜೂಜನ್ನು ನಾಡಿನಿಂದಲೇ ಹೊರಗಟ್ಟಬೇಕು. ಯಾಜ್ಞವಲ್ಕ್ಯ ಸ್ಮೃತಿ ರಾಜನ ಕಾವಲು, ರಾಜನ ಪಾಲು ಎರಡನ್ನೂ ಇಟ್ಟು ಅವಕಾಶ ಕೊಡುತ್ತದೆ. ನಿಷೇಧಿಸಬೇಕೋ ತೆರಿಗೆ ಹಾಕಿ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕೋ ಎಂಬ ಇಂದಿನ ಜಗಳ ಅಷ್ಟು ಹಳೆಯದು.

ಮನು ಇನ್ನೊಂದು ಭೇದ ಮಾಡಿದ್ದಾನೆ. ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಪ್ರಾಣಿಗಳನ್ನು ಕಾದಾಡಿಸಿ ಪಣ ಕಟ್ಟುವುದು ಸಮಾಹ್ವಯ. ಯುಗಾದಿಯ ಆಸುಪಾಸಿನಲ್ಲಿ ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಕೂರುವ ಇಸ್ಪೀಟಿನ ಮಂಡಲ ಮೊದಲ ಜಾತಿಯದು. ತುಳುನಾಡಿನ ಕೋಳಿ ಅಂಕದಲ್ಲಿ ಸುತ್ತ ನಿಂತವರು ಕೂಗಿ ಕಟ್ಟುವ ಪಣ ಎರಡನೆಯದು. ಕ್ರಿಕೆಟ್ ಬೆಟ್ಟಿಂಗ್ ಈ ಎರಡನೆಯದಕ್ಕೇ ಹತ್ತಿರ. ಅಲ್ಲೂ ಕಾದುವವರು ಬೇರೆ, ಕಟ್ಟುವವರು ಬೇರೆ. ಈ ವ್ಯತ್ಯಾಸ ಮುಂದೆ ನ್ಯಾಯಾಲಯಗಳನ್ನು ಬಹಳ ಕಾಡಿತು.

ಬ್ರಿಟಿಷರು 1867ರಲ್ಲಿ ಸಾರ್ವಜನಿಕ ಜೂಜು ಕಾಯ್ದೆಯನ್ನು ತಂದಾಗ ಅವರ ಕಣ್ಣು ಇದ್ದದ್ದು ಮನೆಯ ಮೇಲೆ. ಲಾಭಕ್ಕಾಗಿ ಜೂಜಿನ ಮನೆ ನಡೆಸಿದವನಿಗೆ 200 ರೂಪಾಯಿವರೆಗೆ ದಂಡ ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಅಲ್ಲಿ ಸಿಕ್ಕಿಬಿದ್ದವನಿಗೆ 100 ರೂಪಾಯಿ ಇಲ್ಲವೆ ಒಂದು ತಿಂಗಳು. ಕೇವಲ ಕೌಶಲದ ಆಟಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 12ನೇ ಕಲಮು ಹೇಳಿತು. ಆ ಒಂದು ವಾಕ್ಯದ ಮೇಲೆ ಮುಂದೆ ಸಾವಿರಾರು ಕೋಟಿ ರೂಪಾಯಿಗಳ ಉದ್ಯಮ ನಿಂತಿತು. ಕಾಯ್ದೆ ಉತ್ತರದ ಪ್ರಾಂತ್ಯಗಳದ್ದು; ಕನ್ನಡ ನಾಡಿಗೆ ನೇರವಾಗಿ ಬರಲಿಲ್ಲ. ಧಾರವಾಡ, ಬೆಳಗಾವಿಗಳಿಗೆ 1887ರ ಬೊಂಬಾಯಿ ಜೂಜು ತಡೆ ಕಾಯ್ದೆ, ಮಂಗಳೂರು, ಬಳ್ಳಾರಿಗಳಿಗೆ 1930ರ ಮದರಾಸು ಕಾಯ್ದೆ, ಕಲಬುರಗಿ ಸೀಮೆಗೆ ನಿಜಾಮರ ಕಾಯ್ದೆ, ಹೀಗೆ ಆಡಳಿತಕ್ಕೊಂದು ಕಾನೂನು ಇತ್ತು.

ಈ ನಡುವೆ 1872ರ ಕರಾರು ಕಾಯ್ದೆಯ 30ನೇ ಕಲಮು ಬಂದಿತು. ಬಾಜಿಯ ಕರಾರು ಅಸಿಂಧು. ಗೆದ್ದ ಪಣವನ್ನು ವಸೂಲು ಮಾಡಿಕೊಡಿ ಎಂದು ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ. ಕುದುರೆ ಪಂದ್ಯ ಗೆದ್ದವರಿಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬಹುಮಾನಕ್ಕೆ ಸೇರಿಸುವ ಹಣಕ್ಕೆ ಮಾತ್ರ ವಿನಾಯಿತಿ. ಅಸಿಂಧು ಎಂದರೆ ಅಪರಾಧವೇ? ಅಲ್ಲ ಎಂದು ಸುಪ್ರೀಂ ಕೋರ್ಟ್ 1959ರ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಹೇಳಿತು. ಬಾಜಿ ಕಟ್ಟಿದವನಿಗೆ ನ್ಯಾಯಾಲಯ ಕೈ ಕೊಡುವುದಿಲ್ಲ, ಅಷ್ಟೇ. ಅವನನ್ನು ಶಿಕ್ಷಿಸಬೇಕಾದರೆ ಬೇರೆ ಕಾನೂನು ಬೇಕು.

ಮನೆಯನ್ನೂ ದಾಳವನ್ನೂ ನೋಡುತ್ತ ಕುಳಿತ ಕಾನೂನಿನ ಕೈಗೆ ಮೊದಲು ಸಿಗದೆ ಜಾರಿದ್ದು ಮಳೆ. ಬೊಂಬಾಯಿ ಮತ್ತು ಕಲ್ಕತ್ತೆಯ ಪೇಟೆಗಳಲ್ಲಿ ಮಳೆಯ ಮೇಲೆ ಪಣ ಕಟ್ಟುವ ದಂಧೆ ಜೋರಾಗಿತ್ತು: ಇಂತಿಷ್ಟು ಹೊತ್ತಿನೊಳಗೆ ಮಳೆ ಬರುತ್ತದೋ ಇಲ್ಲವೋ, ಬಂದರೆ ಎಷ್ಟು. ಮಳೆ ಅಳೆಯುವ ಉಪಕರಣ ಜೂಜಿನ ಸಾಧನವಲ್ಲ ಎಂದು ಬೊಂಬಾಯಿ ಹೈಕೋರ್ಟ್ 1889ರಲ್ಲಿ ತೀರ್ಪು ಕೊಟ್ಟಾಗ ಸರ್ಕಾರ ಮರುವರ್ಷವೇ ಕಾಯ್ದೆ ತಿದ್ದಬೇಕಾಯಿತು. ಬಂಗಾಳ 1897ರಲ್ಲಿ ಮಳೆ ಜೂಜಿಗೆಂದೇ ಕಾಯ್ದೆ ಮಾಡಿತು. ಮೋಡದ ಮೇಲೆ ಕಟ್ಟಿದ ಪಣಕ್ಕೂ ಮುಂದಿನ ಓವರಿನ ರನ್ನಿನ ಮೇಲೆ ಕಟ್ಟುವ ಪಣಕ್ಕೂ ಒಳಗಿನ ಕಟ್ಟು ಒಂದೇ. ಆಡುವ ವಸ್ತು ಕೈಯಲ್ಲಿಲ್ಲ, ಎದುರು ಕೂತವರಿಲ್ಲ. ಇರುವುದು ಇನ್ನೂ ಆಗದ ಒಂದು ಘಟನೆ ಮತ್ತು ಇಬ್ಬರ ಬಾಯಿಮಾತು.

ಜೂಜು ನಡೆದದ್ದು ಎಲ್ಲಿ ಎಂಬ ಪ್ರಶ್ನೆಯನ್ನು ಇಂಟರ್ನೆಟ್‌ಗಿಂತ ನಾಲ್ಕು ದಶಕ ಮೊದಲೇ ಎಬ್ಬಿಸಿದ್ದು ಬೆಂಗಳೂರಿನ ಒಂದು ವಾರಪತ್ರಿಕೆ. ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ಪತ್ರಿಕೆ ಇಲ್ಲಿ ಅಚ್ಚಾಗಿ ಬೊಂಬಾಯಿ ರಾಜ್ಯದಲ್ಲೂ ಬಹಳ ಮಾರಾಟವಾಗುತ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಹೆಸರಿನ ಪದಬಂಧ ಸ್ಪರ್ಧೆ. ಓದುಗ ಫಾರಂ ತುಂಬಿ, ಪ್ರವೇಶ ಶುಲ್ಕದೊಡನೆ ತನ್ನೂರಿನ ಏಜೆಂಟನ ಬಳಿ ಕೊಡುತ್ತಿದ್ದ. ಅದು ಬೆಂಗಳೂರಿನ ಕಚೇರಿಗೆ ಬರುತ್ತಿತ್ತು. ಇಂಥ ಪದಬಂಧಗಳಲ್ಲಿ ಒಂದೇ ಖಾಲಿ ಜಾಗಕ್ಕೆ ಎರಡು ಪದಗಳು ಹೊಂದುತ್ತವೆ. ಸ್ಪರ್ಧೆ ನಡೆಸುವವರು ಮೊದಲೇ ಆರಿಸಿಟ್ಟದ್ದೇ ಸರಿಯುತ್ತರ. ಬೊಂಬಾಯಿ ಸರ್ಕಾರ 1952ರಲ್ಲಿ ತನ್ನ ಕಾಯ್ದೆ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. ನಮ್ಮ ಕಚೇರಿ ಮೈಸೂರು ರಾಜ್ಯದಲ್ಲಿದೆ, ನಿಮ್ಮ ಕಾನೂನು ನಮಗೇಕೆ ಎಂದು ಸ್ಪರ್ಧೆ ನಡೆಸುತ್ತಿದ್ದ ಕಂಪನಿ ವಾದಿಸಿತು.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಬರೆದ ತೀರ್ಪು ಇಂದಿಗೂ ಈ ವಿಷಯದ ಬುನಾದಿ. ಫಾರಂ ತುಂಬಿದ್ದು, ಹಣ ಕಟ್ಟಿದ್ದು ಬೊಂಬಾಯಿಯಲ್ಲಿ. ಆದ್ದರಿಂದ ಅಲ್ಲಿನ ಸರ್ಕಾರಕ್ಕೆ ಅಧಿಕಾರವಿದೆ. ಸ್ಪರ್ಧೆಯ ಗೆಲುವು ಮುಖ್ಯವಾಗಿ ಕೌಶಲವನ್ನು ಅವಲಂಬಿಸಿಲ್ಲ; ಆದ್ದರಿಂದ ಅದು ಜೂಜು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದು ಹೇಳುವಾಗ ತೀರ್ಪು ಋಗ್ವೇದದ ಆ ಜೂಜುಕೋರನನ್ನೂ ಮಹಾಭಾರತವನ್ನೂ ನೆನೆಯಿತು. ಆದರೆ ಕೌಶಲವೇ ಮುಖ್ಯವಾದ ಆಟ ವ್ಯಾಪಾರವೆನಿಸಿಕೊಂಡು ರಕ್ಷಣೆ ಪಡೆಯುತ್ತದೆ ಎಂಬ ಮಾತೂ ಅದೇ ದಿನ ಬಂದ ಜೊತೆ ತೀರ್ಪಿನಲ್ಲಿ ಇತ್ತು.

ಸಂವಿಧಾನ ಬೆಟ್ಟಿಂಗ್ ಮತ್ತು ಜೂಜನ್ನು ರಾಜ್ಯಪಟ್ಟಿಯ 34ನೇ ನಮೂದಿನಲ್ಲಿ ಇಟ್ಟಿತು. ಏಕೀಕರಣವಾದ ಮೇಲೆ ಕನ್ನಡ ನಾಡಿನ ಹರಿದು ಹಂಚಿಹೋಗಿದ್ದ ಕಾನೂನುಗಳ ಜಾಗಕ್ಕೆ 1963ರ ಮೈಸೂರು, ಈಗಿನ ಕರ್ನಾಟಕ, ಪೊಲೀಸ್ ಕಾಯ್ದೆ ಬಂದಿತು. ಬೊಂಬಾಯಿಯಲ್ಲಿ ಹುಟ್ಟಿದ ಮಟ್ಕಾ ಎಂಬ ಅಂಕಿ ಜೂಜು ಇಲ್ಲಿ ‘ಓಸಿ’ ಎಂಬ ಹೆಸರಿನಲ್ಲಿ ಹಬ್ಬಿದಾಗ ಬೀಡಾ ಅಂಗಡಿಯ ಪಕ್ಕ ನಿಂತು ಚೀಟಿ ಬರೆಯುತ್ತಿದ್ದವರ ಮೇಲೆ ಬೀಳುತ್ತಿದ್ದದ್ದು ಈ ಕಾಯ್ದೆಯ 78ನೇ ಕಲಮು. ಕುದುರೆಗೆ ಬೇರೆಯೇ ದಾರಿ. ಮೈಸೂರು ಸಂಸ್ಥಾನ 1932ರಲ್ಲೇ ಬೆಟ್ಟಿಂಗ್ ತೆರಿಗೆ ಕಾಯ್ದೆ ಮಾಡಿತ್ತು, 1952ರಲ್ಲಿ ರೇಸ್ ಕೋರ್ಸ್ ಪರವಾನಗಿ ಕಾಯ್ದೆ ಬಂದಿತು. ಕೌಟಿಲ್ಯ ಹೇಳಿದ್ದೂ ಇದನ್ನೇ: ಒಂದೇ ಜಾಗ, ಒಂದು ಪರವಾನಗಿ, ರಾಜ್ಯಕ್ಕೊಂದು ಪಾಲು.

ಕೌಶಲದ ಪ್ರಶ್ನೆಗೆ ಎರಡು ತೀರ್ಪುಗಳು ದಾರಿ ಕೊರೆದವು. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ ರಮ್ಮಿಯನ್ನು ಮೂರೆಲೆ ಆಟದಿಂದ ಬೇರ್ಪಡಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು. ಹಾಗಾಗಿ ರಮ್ಮಿಯಲ್ಲಿ ಕೌಶಲವೇ ಹೆಚ್ಚು. 1996ರಲ್ಲಿ ಕೆ. ಆರ್. ಲಕ್ಷ್ಮಣನ್ ಪ್ರಕರಣದ ತೀರ್ಪು ಕುದುರೆ ಪಂದ್ಯಕ್ಕೂ ಇದೇ ಮಾನ್ಯತೆ ಕೊಟ್ಟಿತು. ಕುದುರೆಯ ವಂಶ, ಹಿಂದಿನ ಓಟ, ಜಾಕಿಯ ತಾಕತ್ತು ಅಳೆದು ಹಣ ಕಟ್ಟುವವನದೂ ಕೌಶಲವಾದರೆ, ಪಿಚ್ಚು, ಬೌಲರು, ಹವಾಮಾನ ನೋಡಿ ಕ್ರಿಕೆಟ್ಟಿನ ಮೇಲೆ ಕಟ್ಟುವವನದು ಯಾಕಲ್ಲ? ಈ ವಾದ ಅಂದಿನಿಂದಲೂ ಇದೆ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆಟದ ಒಳಗಿರುವವನ ಕೌಶಲ ಮತ್ತು ಹೊರಗೆ ನಿಂತು ಊಹಿಸುವವನ ಲೆಕ್ಕಾಚಾರ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ. ಕುದುರೆಗೆ ಸಿಕ್ಕ ಮಾನ್ಯತೆ ಕ್ರಿಕೆಟ್ಟಿಗೆ ಸಿಗಲೂ ಇಲ್ಲ.

ನ್ಯಾಯಾಲಯದಲ್ಲಿ ಈ ವಾದ ನಡೆಯುತ್ತಿದ್ದಾಗ ಬುಕ್ಕಿಗಳ ದಂಧೆ ಬೆಳೆದಾಗಿತ್ತು. 1983ರ ವಿಶ್ವಕಪ್ ಗೆಲುವು, ಮನೆಮನೆಗೆ ಬಂದ ಟಿವಿ, 90ರ ದಶಕದ ಕೇಬಲ್ಲು ಮತ್ತು ಮೊಬೈಲು ಅದಕ್ಕೆ ನೀರೆರೆದವು. ಬುಕ್ಕಿಯ ಅಂಗಡಿ ಎಂದರೆ ಒಂದು ಬಾಡಿಗೆ ಕೋಣೆ: ಗೋಡೆಗೆ ಟಿವಿ, ನೆಲದ ಮೇಲೆ ಹಾಸಿಗೆ, ಸಾಲಾಗಿ ಇಟ್ಟ ಹತ್ತಾರು ಫೋನು, ಕರೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಗೆರೆ ಹೊಡೆದ ಲೆಕ್ಕದ ಪುಸ್ತಕ. ಫೋನಿನಲ್ಲಿ ಬೆಲೆ ಕೂಗುತ್ತಾರೆ. ತಂಡ ಗೆಲ್ಲುತ್ತದೆಂದು ಕಟ್ಟುವುದು ‘ಲಗಾಯಿ’, ಸೋಲುತ್ತದೆಂದು ಕಟ್ಟುವುದು ‘ಖಾಯಿ’, ಇಂತಿಷ್ಟು ಓವರಿನಲ್ಲಿ ಇಂತಿಷ್ಟು ರನ್ನು ಎಂಬುದು ‘ಸೆಷನ್’. ಮುಂಗಡ ಹಣವಿಲ್ಲ, ರಸೀದಿಯಿಲ್ಲ. ಎಲ್ಲವೂ ಬಾಯಿಮಾತಿನ ಸಾಲ. ಹಣ ಕಟ್ಟಿದ ಪಂಟರ್ ಸೋತು ಕೈಯೆತ್ತಿದರೆ ಬುಕ್ಕಿ ಕೋರ್ಟಿಗೆ ಹೋಗುವಂತಿಲ್ಲ, 1872ರ ಕಲಮು ಅಡ್ಡ ನಿಂತಿದೆ. ಹಾಗಾಗಿ ಮನೆ ಬಾಗಿಲಿಗೆ ಬರುವುದು ವಸೂಲಿಗಾರರು. ಒಡವೆ, ಬೈಕು, ಜಮೀನಿನ ಪತ್ರ ಹೀಗೆ ಕೈಬಿಟ್ಟ ಸಂಸಾರಗಳು ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲೂ ಇವೆ. ಪೊಲೀಸರು ದಾಳಿ ಮಾಡಿದರೆ ಮಹಜರಿನಲ್ಲಿ ಬರುವುದು ಅವೇ ಫೋನುಗಳು, ಅದೇ ಟಿವಿ, ಒಂದಷ್ಟು ನಗದು. ಶಿಕ್ಷೆಯೋ, ಬಾಜಿಯ ಮೊತ್ತದ ಮುಂದೆ ಏನೂ ಅಲ್ಲ.

2000ನೇ ಇಸವಿಯ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆಯ ಫೋನ್ ಸಂಭಾಷಣೆಯನ್ನು ಬಯಲು ಮಾಡಿದಾಗ ಬಾಜಿ ಪಂದ್ಯದ ಒಳಗೇ ಕೈ ಹಾಕಿದ್ದು ಲೋಕಕ್ಕೆ ತಿಳಿಯಿತು. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಪ್ರಕರಣ ಇನ್ನೂ ಆಳಕ್ಕೆ ಹೋಯಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಆರ್. ಎಂ. ಲೋಧಾ ಸಮಿತಿ 2016ರ ಜನವರಿಯಲ್ಲಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಿ, ಆಟಗಾರರು ಮತ್ತು ಆಡಳಿತಗಾರರನ್ನು ಮಾತ್ರ ದೂರವಿಡಿ ಎಂದು ಶಿಫಾರಸು ಮಾಡಿತು. ವಿಷಯ ಕಾನೂನು ಆಯೋಗಕ್ಕೆ ಹೋಯಿತು. 2018ರ ಜುಲೈನಲ್ಲಿ ಬಂದ ಅದರ 276ನೇ ವರದಿ ಪೂರ್ತಿ ನಿಷೇಧವೇ ಅಪೇಕ್ಷಣೀಯ ಎಂದಿತು. ಅದು ಸಾಧ್ಯವಾಗದಿದ್ದರೆ ಆಧಾರ್, ಪ್ಯಾನ್ ಜೋಡಿಸಿ, ನಗದು ಬಿಟ್ಟು, ಮಿತಿ ಹಾಕಿ ನಿಯಂತ್ರಿಸುವುದೊಂದೇ ದಾರಿ ಎಂದೂ ಹೇಳಿತು. ಎರಡೂ ಕಡೆಯವರು ಅದನ್ನು ತಮ್ಮ ಪರವಾಗಿ ಓದಿಕೊಂಡರು. ಕಾಯ್ದೆ ಬರಲಿಲ್ಲ.

ಹಳೆಯ ಕಾನೂನು ಎಷ್ಟು ತೆಳುವಾಗಿತ್ತೆಂಬುದು ಕರ್ನಾಟಕದಲ್ಲೇ ಕಂಡಿತು. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಫಿಕ್ಸಿಂಗ್ ಮತ್ತು ಬೆಟ್ಟಿಂಗ್ ನಡೆದಿದೆಯೆಂದು ಬೆಂಗಳೂರಿನ ಸಿಸಿಬಿ ಪೊಲೀಸರು 2019ರಲ್ಲಿ ಪ್ರಕರಣ ದಾಖಲಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ವಂಚನೆಯ ಆರೋಪವನ್ನು ರದ್ದು ಮಾಡಿತು. ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ಹೌದು, ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಯ ಕೆಲಸ. ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಇದಾಗದು. ಜೊತೆಗೆ ಇನ್ನೊಂದು ಮಾತು ಹೇಳಿತು: ಪೊಲೀಸ್ ಕಾಯ್ದೆಯ ಜೂಜಿನ ವ್ಯಾಖ್ಯೆ ಕ್ರೀಡೆಯನ್ನು ಹೊರಗಿಟ್ಟಿದೆ, ಕ್ರಿಕೆಟ್ ಒಂದು ಕ್ರೀಡೆ, ಆದ್ದರಿಂದ ಬೆಟ್ಟಿಂಗ್ ನಡೆದಿದ್ದರೂ ಅದು ಆ ವ್ಯಾಖ್ಯೆಯೊಳಗೆ ಬರದು. ದಶಕಗಳಿಂದ ಪೊಲೀಸರು ಹಿಡಿದುಕೊಂಡಿದ್ದ ಅಸ್ತ್ರಕ್ಕೇ ಇದು ಏಟು.

ಆ ವೇಳೆಗೆ ಬಾಡಿಗೆ ಕೋಣೆಯ ಕಾಲ ಮುಗಿಯುತ್ತ ಬಂದಿತ್ತು. ಕ್ಯುರಸಾವೊ, ಮಾಲ್ಟಾ ಮುಂತಾದ ದ್ವೀಪಗಳಿಂದ ಪರವಾನಗಿ ಪಡೆದ ಜಾಲತಾಣಗಳು ಭಾರತದ ಪಂದ್ಯಗಳಿಗೆ ಬೆಲೆ ಕಟ್ಟತೊಡಗಿದವು. ಏಜೆಂಟನೊಬ್ಬ ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂನಲ್ಲಿ ‘ಐಡಿ’ ಕೊಡುತ್ತಾನೆ. ಹಣ ಯುಪಿಐ ಮೂಲಕ ಯಾರದೋ ಹೆಸರಿನ ಬಾಡಿಗೆ ಖಾತೆಗೆ ಹೋಗುತ್ತದೆ. ಸರ್ವರ್ ಇರುವುದು ಸಾಗರದಾಚೆ, ಕಟ್ಟಿದವನು ಕೂತಿರುವುದು ಹಾವೇರಿಯ ಬಸ್ ನಿಲ್ದಾಣದಲ್ಲಿ. ಜೂಜಿನ ಮನೆ ಎಲ್ಲಿದೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬೆಟ್ಟಿಂಗ್‌ನ ಮಾತೆತ್ತದು; ಜಾಲತಾಣ ಮುಚ್ಚಿಸಲು 69ಎ ಕಲಮು ಸಿಕ್ಕುತ್ತದೆ. ಮಹಾದೇವ್ ಎಂಬ ಬೆಟ್ಟಿಂಗ್ ಆ್ಯಪ್ ಸೇರಿ 22 ತಾಣಗಳನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಮುಚ್ಚಿಸಿತು. ಆದರೆ ಒಂದು ವಿಳಾಸ ಮುಚ್ಚಿದರೆ ಅದೇ ತಾಣ ಇನ್ನೊಂದು ಹೆಸರಿನಲ್ಲಿ ಎದ್ದು ಬರುತ್ತದೆ.

ಇನ್ನೊಂದು ಕಡೆ ದೇಶದೊಳಗಿನ ಫ್ಯಾಂಟಸಿ ಕಂಪನಿಗಳು 1867ರ ಆ ಹಳೆಯ ವಾಕ್ಯವನ್ನೇ ಹಿಡಿದು ನಿಂತವು. ಹನ್ನೊಂದು ಜನರ ತಂಡ ಆರಿಸುವುದು ಕೌಶಲ ಎಂದು 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಒಪ್ಪಿತು. 2020ರ ಐಪಿಎಲ್‌ಗೆ ಇಂಥ ಕಂಪನಿಗಳಲ್ಲೊಂದಾದ ಡ್ರೀಮ್ ಇಲೆವೆನ್ ಹೆಸರೇ ಶೀರ್ಷಿಕೆಯಾಯಿತು. ರಾಜ್ಯಗಳು ತಮಗೆ ತೋಚಿದಂತೆ ನಡೆದವು. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಬೆಟ್ಟಿಂಗ್‌ಗೆ ಪರವಾನಗಿ ಕೊಡುವ ಕಾಯ್ದೆ ಮಾಡಿತು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಹಣದ ಆಟಗಳನ್ನು ನಿಷೇಧಿಸಿದವು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆ ತಿದ್ದಿ, ಕೌಶಲದ ಆಟವಾದರೂ ಆನ್‌ಲೈನ್‌ನಲ್ಲಿ ಹಣ ಒಡ್ಡಿದರೆ ಅಪರಾಧವೆಂದಿತು. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನಾಲ್ಕೇ ತಿಂಗಳಲ್ಲಿ, 2022ರ ಫೆಬ್ರುವರಿ 14ರಂದು, ಹೈಕೋರ್ಟ್ ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. ಕಾರಣ ಅದೇ 1957ರ ಗೆರೆ: ಕೌಶಲದ ಆಟ ಜೂಜಲ್ಲ.

ನಿಷೇಧಿಸದ, ಒಪ್ಪಿಕೊಳ್ಳದ ಈ ಸ್ಥಿತಿಯಲ್ಲೂ ತೆರಿಗೆ ಮಾತ್ರ ತಪ್ಪಲಿಲ್ಲ. ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ, 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ. ಸೋಲುವವನ ದುಡ್ಡಿನಿಂದಲೇ ಬೊಕ್ಕಸ ತುಂಬಿಕೊಂಡು ಅವನ ರಕ್ಷಣೆಯನ್ನು ಮುಂದೂಡಿದ್ದು ಸರ್ಕಾರಗಳಿಗೆ ಶೋಭೆ ತರುವ ಮಾತಲ್ಲ.

2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆಯಾದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಅಂದೇ ಅಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಂಗೀಕಾರ ಪಡೆಯಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರ ಕೊಟ್ಟ ಅಂದಾಜು. ಹಳೆಯ ಎರಡೂ ಪ್ರಶ್ನೆಗಳನ್ನು ಈ ಕಾಯ್ದೆ ಪಕ್ಕಕ್ಕಿಟ್ಟಿತು. ಕೌಶಲವಿರಲಿ ಅದೃಷ್ಟವಿರಲಿ, ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ನಿಷಿದ್ಧ. ನಡೆಸುವವರು ವಿದೇಶದಲ್ಲಿದ್ದರೂ ಅನ್ವಯ. ನಡೆಸಿದವರಿಗೆ ಮತ್ತು ಹಣ ಸಾಗಿಸಿಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ಅವನನ್ನು ಅಪರಾಧಿಯೆಂದು ಕಾಣದೆ ನೊಂದವನೆಂದು ಕಂಡದ್ದು ಈ ಕಾಯ್ದೆಯ ಅತ್ಯಂತ ವಿವೇಕದ ಅಂಶ.

ದೇಶೀಯ ಕಂಪನಿಗಳು ದಿನಗಳೊಳಗೆ ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಇಂಥದೊಂದು ಕಂಪನಿ ಪ್ರಾಯೋಜಕತ್ವದಿಂದ ಹಿಂದೆ ಸರಿದದ್ದರಿಂದ ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಭಾರತ ತಂಡ ಎದೆಯ ಮೇಲೆ ಪ್ರಾಯೋಜಕರ ಹೆಸರಿಲ್ಲದ ಅಂಗಿಯಲ್ಲಿ ಆಡಿತು. ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿ ಕರ್ನಾಟಕ ಹೈಕೋರ್ಟಿನಲ್ಲೇ ದಾಖಲಾಯಿತು. ಬೆಟ್ಟಿಂಗ್ ರಾಜ್ಯಪಟ್ಟಿಯ ವಿಷಯವಾಗಿರುವಾಗ ಸಂಸತ್ತು ಕಾನೂನು ಮಾಡಬಹುದೇ, ಕೌಶಲದ ಆಟಕ್ಕೆ 1957ರಿಂದ ಇದ್ದ ರಕ್ಷಣೆಯನ್ನು ಕಿತ್ತುಕೊಳ್ಳಬಹುದೇ ಎಂಬುವು ಮುಖ್ಯ ಆಕ್ಷೇಪಗಳು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಇಂಥ ಅರ್ಜಿಗಳನ್ನೆಲ್ಲ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಐಡಿ ಹಂಚುವವರು ಈ ಕಾಯ್ದೆಯಿಂದ ಅಂಗಡಿ ಮುಚ್ಚಿಲ್ಲ. ಅವರ ಬಳಿ ಹಣ ಕಟ್ಟಿದವನನ್ನು ಹೊಸ ಕಾಯ್ದೆ ಜೈಲಿಗೆ ಕಳಿಸುವುದಿಲ್ಲ. ಗೆದ್ದ ದುಡ್ಡನ್ನು ಏಜೆಂಟ್ ಕೊಡದೆ ನಂಬರ್ ಬ್ಲಾಕ್ ಮಾಡಿದರೆ ಅದನ್ನು ಕೊಡಿಸಿ ಎಂದು ಅವನು ದಾವೆ ಹೂಡುವಂತೆಯೂ ಇಲ್ಲ. 1872ರ 30ನೇ ಕಲಮು ಇದ್ದಲ್ಲೇ ಇದೆ.